ಐಜಿಎಂ ನೆಗೆಟಿವ್ ಎಂದು ನಾನು ಸಹಿ ಹಾಕಿದ ರಿಪೋರ್ಟು

ವೈರಸ್‌ಗಳ ವರ್ಗೀಕರಣ ಎಂ.ಡಿ. ಓದುವಾಗ ನನಗೆ ಬರೀ ಬಾಯಿಪಾಠವಾಗಿತ್ತು. ಯಾವ ಕುಟುಂಬ, ಡಿಎನ್‌ಎಯೋ ಆರ್‌ಎನ್‌ಎಯೋ, ಹೊರಪದರ ಇದೆಯೋ ಇಲ್ಲವೋ ಎಂದು ದೊಡ್ಡ ಕೋಷ್ಟಕ ಬರೆದು ಗೋಡೆಗೆ ಅಂಟಿಸಿದ್ದೆ. ಪರೀಕ್ಷೆ ಮುಗಿದ ಸಂಜೆಯೇ ಕಿತ್ತು ಬಿಸಾಕಿದೆ. ಆ ಕೋಷ್ಟಕದ ಮೂಲೆಯಲ್ಲಿ ಒಂದೇ ಸಾಲು ಪಡೆದಿದ್ದ ಪಾರ್ವೊವಿರಿಡೆ ಕುಟುಂಬ ಮುಂದೆ ನನ್ನ ಕಿವಿ ಹಿಂಡಿತು.

ಲ್ಯಾಬ್ ಕೆಲಸಕ್ಕೆ ಸೇರಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಮೂತ್ರಪಿಂಡ ಕಸಿ ಮಾಡಿಸಿಕೊಂಡಿದ್ದ ಒಬ್ಬರಿಗೆ ಹಿಮೋಗ್ಲೋಬಿನ್ ಇಳಿಯುತ್ತಲೇ ಇತ್ತು. ಎಲ್ಲೂ ರಕ್ತಸ್ರಾವವಿಲ್ಲ. ಹೊಸದಾಗಿ ಹುಟ್ಟಿದ ಕೆಂಪುಕಣಗಳಾದ ರೆಟಿಕ್ಯುಲೊಸೈಟ್‌ಗಳು ಹುಡುಕಿದರೂ ಸಿಗುತ್ತಿರಲಿಲ್ಲ. ಅದೇ ಕುಟುಂಬದ ಪಾರ್ವೊವೈರಸ್ ಬಿ19 ಇರಬಹುದೇ ನೋಡಿ ಎಂದು ಸ್ಯಾಂಪಲ್ ಬಂತು. ಹೊಸ ಸೋಂಕಿಗೆ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯದ ಪರೀಕ್ಷೆ ಮಾಡಿದೆ, ನೆಗೆಟಿವ್ ಬಂತು, ಹಾಗೇ ಬರೆದು ಸಹಿ ಹಾಕಿದೆ. ಅವರಿಗೆ ರಕ್ತ ಕೊಡುವುದು ಮುಂದುವರಿಯಿತು.

ಕೆಲವು ವಾರದ ಮೇಲೆ ಪೆಥಾಲಜಿಯ ಹಿರಿಯರೊಬ್ಬರು ಫೋನ್ ಮಾಡಿದರು. "ಡಾಕ್ಟ್ರೇ, ಒಂದು ನಿಮಿಷ ಬಂದು ಈ ಮಜ್ಜೆ ಸ್ಲೈಡ್ ನೋಡಿ ಹೋಗಿ." ಹೋಗಿ ನೋಡಿದರೆ ಕೆಂಪುಕಣದ ಸರಣಿಯ ಬೆಳೆದ ಕೋಶಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲೊಂದು ಇಲ್ಲೊಂದು ದೈತ್ಯ ಪ್ರೊನಾರ್ಮೊಬ್ಲಾಸ್ಟ್, ಅಂದರೆ ಕೆಂಪುಕಣದ ಎಳೆಯ ತಾಯಿಕೋಶ, ಮಾತ್ರ ಕೂತಿತ್ತು. ಬಿ19 ತನ್ನ ಗುರುತು ಬಿಟ್ಟುಹೋಗುವ ರೀತಿಯೇ ಅದು. ವಾಪಸ್ ಬಂದು ಫ್ರೀಜರ್‌ನಲ್ಲಿದ್ದ ಅದೇ ಸೀರಂ ತೆಗೆದು ವೈರಸ್‌ನ ಡಿಎನ್‌ಎಯನ್ನೇ ನೇರವಾಗಿ ಹುಡುಕುವ ಪಿಸಿಆರ್ ಪರೀಕ್ಷೆ ಹಾಕಿದೆ. ವೈರಸ್ ತುಂಬಿ ತುಳುಕುತ್ತಿತ್ತು. ಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ಔಷಧದಿಂದ ಅದುಮಿಟ್ಟ ದೇಹ ಪ್ರತಿಕಾಯವನ್ನೇ ತಯಾರಿಸಿರಲಿಲ್ಲ. ಅದನ್ನು ಹುಡುಕಿ, ಸಿಗಲಿಲ್ಲವೆಂದು ನಾನು ಬರೆದಿದ್ದೆ. ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ, ಕೊಟ್ಟ ಮೇಲೆ ರೆಟಿಕ್ಯುಲೊಸೈಟ್‌ಗಳು ಕಾಣಿಸಿಕೊಂಡವು.

ಅವತ್ತು ಮತ್ತೆ ಆ ಕೋಷ್ಟಕ ಬರೆದೆ, ಈ ಸಲ ಒಂದೇ ಕುಟುಂಬಕ್ಕೆ. ಪ್ರತಿ ಗುಣದ ಎದುರಿಗೆ "ಹಾಗಾದರೆ?" ಎಂದು ಬರೆದುಕೊಂಡು ಕೂತೆ.

ಮೊದಲ ಗುಣ, ಸಣ್ಣದು. ಲ್ಯಾಟಿನ್‌ನಲ್ಲಿ ಪಾರ್ವಸ್ ಎಂದರೆ ಸಣ್ಣ. ಅಗಲ ಸುಮಾರು 25 ನ್ಯಾನೊಮೀಟರ್, ಒಳಗೆ 5 ಸಾವಿರ ಚಿಲ್ಲರೆ ಅಕ್ಷರಗಳ ಒಂಟಿ ಎಳೆಯ ಡಿಎನ್‌ಎ. ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ 1971ರಲ್ಲಿ ಕೊಟ್ಟ ವಿಂಗಡಣೆಯಲ್ಲಿ ಇದು ಎರಡನೇ ಗುಂಪು. ಹಾಗಾದರೆ? ಅಷ್ಟು ಚಿಕ್ಕ ಗಂಟಿನಲ್ಲಿ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಕಿಣ್ವಕ್ಕೆ ಜಾಗವಿಲ್ಲ. ಸಿಡುಬಿನ ವೈರಸ್ ತನ್ನದನ್ನು ತಾನೇ ಹೊತ್ತು ತರುತ್ತದೆ, ಇದು ಕೋಶದ ಕಿಣ್ವವನ್ನೇ ಕಡ ತರಬೇಕು. ಆ ಕಿಣ್ವ ಕೈಗೆ ಸಿಗುವುದು ಕೋಶ ವಿಭಜನೆಗೆ ಅಣಿಯಾಗುವಾಗ ಮಾತ್ರ. ದೇಹದಲ್ಲಿ ಸದಾ ವಿಭಜನೆ ನಡೆಯುವ ಜಾಗ ಯಾವುದು? ಅಸ್ಥಿಮಜ್ಜೆ, ಕರುಳಿನ ಒಳಪದರ, ಗರ್ಭದ ಕೂಸು. ನಾಯಿಮರಿಗಳ ಪಾರ್ವೊ ಕರುಳನ್ನು ಹಿಡಿದರೆ, ಬಿ19 ಕೆಂಪುಕಣಗಳ ತಾಯಿಕೋಶಗಳನ್ನು ಹಿಡಿಯುತ್ತದೆ. ಆ ಕೋಶಗಳ ಮೇಲಿನ ಪಿ ಆ್ಯಂಟಿಜನ್ ಎಂಬ ಅಣು ಅದಕ್ಕೆ ಹಿಡಿಕೆ. ಹುಟ್ಟಿನಿಂದಲೇ ಪಿ ಆ್ಯಂಟಿಜನ್ ಇಲ್ಲದ ಅಪರೂಪದ ಜನರಿಗೆ ಈ ಸೋಂಕು ತಗಲುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಉಳಿದದ್ದು ಲೆಕ್ಕ. ಕೆಂಪುಕಣಗಳ ಉತ್ಪಾದನೆ ವಾರ, ಹತ್ತು ದಿನ ನಿಲ್ಲುತ್ತದೆ. ಆರೋಗ್ಯವಂತರ ಕೆಂಪುಕಣ ಸುಮಾರು 120 ದಿನ ಬದುಕುವುದರಿಂದ ಅವರಿಗೆ ಗೊತ್ತೂ ಆಗುವುದಿಲ್ಲ. ಕೆಂಪುಕಣ ಕುಡುಗೋಲಿನಂತೆ ಬಾಗುವ ಕುಡುಗೋಲುಕಣ ರೋಗದಲ್ಲಿ (ಸಿಕಲ್ ಸೆಲ್) ಅದರ ಆಯುಸ್ಸು 10ರಿಂದ 20 ದಿನ. ಅವರಿಗೆ ಹತ್ತು ದಿನ ಉತ್ಪಾದನೆ ನಿಂತರೆ ಹಿಮೋಗ್ಲೋಬಿನ್ ನೆಲ ಕಚ್ಚುತ್ತದೆ. 1975ರಲ್ಲಿ ಲಂಡನ್ನಿನಲ್ಲಿ ವೈರಸ್ ತಜ್ಞೆ ಇವೊನ್ ಕೊಸಾರ್ಟ್ ಹೆಪಟೈಟಿಸ್ ಬಿಗಾಗಿ ರಕ್ತ ತಪಾಸಣೆ ಮಾಡುವಾಗ ಅಕಸ್ಮಾತ್ತಾಗಿ ಸಿಕ್ಕ ವೈರಸ್ ಇದು. ಸ್ಯಾಂಪಲ್‌ನ ಸಂಕೇತವೇ ಹೆಸರಾಗಿ ಉಳಿಯಿತು. ಅದು ಯಾವ ಕಾಯಿಲೆ ತರುತ್ತದೆಂದು 1981ರವರೆಗೆ ತಿಳಿದಿರಲಿಲ್ಲ. ಆಗ ಅದನ್ನು ತೋರಿಸಿಕೊಟ್ಟವರೂ ಇಂಥದೇ ಕುಡುಗೋಲುಕಣ ರೋಗದ ಮಕ್ಕಳು.

ಎರಡನೇ ಗುಣ, ಮೇದಸ್ಸಿನ ಹೊರಪದರವಿಲ್ಲ. ಆಲ್ಕೋಹಾಲ್ ಉಜ್ಜಿದರೆ ಇದು ಸುಲಭಕ್ಕೆ ಸಾಯುವುದಿಲ್ಲ. ಪ್ಲಾಸ್ಮಾ ಉತ್ಪನ್ನಗಳಲ್ಲಿ ಹೊರಪದರವನ್ನು ಕರಗಿಸಿ ಎಚ್‌ಐವಿಯನ್ನು ಮುಗಿಸುವ ಸಾಲ್ವೆಂಟ್-ಡಿಟರ್ಜೆಂಟ್ ವಿಧಾನಕ್ಕೂ ಬಗ್ಗುವುದಿಲ್ಲ. ಸೋಸೋಣವೆಂದರೆ ಗಾತ್ರ ನೋಡಿ, ದೊಡ್ಡ ರಂಧ್ರದ ಫಿಲ್ಟರ್‌ನಲ್ಲಿ ನುಸುಳುತ್ತದೆ.

ಹೆಸರುಗಳ ವಿಷಯಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ನಾನು ಓದುವಾಗ ಎರಿಥ್ರೊವೈರಸ್ ಆಗಿದ್ದದ್ದು ಎರಿಥ್ರೊಪಾರ್ವೊವೈರಸ್ ಆಯಿತು. ಬೆನ್ನೆಲುಬಿನ ಪ್ರಾಣಿಗಳದೊಂದು, ಕೀಟಗಳದೊಂದು ಎಂದು ಎರಡೇ ಇದ್ದ ಉಪಕುಟುಂಬಗಳಿಗೆ 2019ರಲ್ಲಿ ಮೂರನೆಯದು ಸೇರಿತು. ರಿಪೋರ್ಟಿನಲ್ಲಿ ನಾನು ಈಗಲೂ ಬರೆಯುವುದು ಪಾರ್ವೊವೈರಸ್ ಬಿ19 ಎಂದೇ. ಓದುವ ವೈದ್ಯರಿಗೆ ಅರ್ಥವಾಗಬೇಕಲ್ಲ. ಆದರೆ ಒಂದು ಕಡೆ ಈ ವಿಂಗಡಣೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. "ಮನೆ ನಾಯಿಗೆ ಪಾರ್ವೊ ಬಂದಿದೆ, ನಾನು ಬಸುರಿ, ಏನು ಮಾಡಲಿ?" ಎಂದು ಕೇಳುವವರಿದ್ದಾರೆ. ನಾಯಿಯದು ಪ್ರೊಟೊಪಾರ್ವೊವೈರಸ್, ದಾಯಾದಿ ಅಷ್ಟೇ. ಅದು ಮನುಷ್ಯರಿಗೆ ಕಾಯಿಲೆ ತರುವುದಿಲ್ಲ. ಬಸುರಿಯರು ಹುಷಾರಾಗಿರಬೇಕಾದ್ದು ಕೆನ್ನೆಗೆ ಹೊಡೆದಂತೆ ಕೆಂಪಾಗುವ ಮಕ್ಕಳ ಐದನೇ ಕಾಯಿಲೆಯ ಬಗ್ಗೆ, ಅದು ಬಿ19ದು. ಅಲ್ಲೂ ತೊಡಕಿದೆ. ಕೆಂಪು ಗಂಧೆ ಏಳುವ ಹೊತ್ತಿಗೆ ಮಗು ಸೋಂಕು ಹರಡುವ ಕಾಲ ಬಹುಪಾಲು ಮುಗಿದಿರುತ್ತದೆ.

ಹಾಗಾಗಿ ಸಂಪರ್ಕಕ್ಕೆ ಬಂದ ಗರ್ಭಿಣಿಯರಿಗೆ ಸೋಂಕಿನ ನಂತರ ಬಹುಕಾಲ ಉಳಿಯುವ ಐಜಿಜಿ ಪ್ರತಿಕಾಯ, ಐಜಿಎಂ ಎರಡರ ಪರೀಕ್ಷೆಯನ್ನೂ ಒಟ್ಟಿಗೆ ಮಾಡುತ್ತೇನೆ. ಐಜಿಜಿ ಮಾತ್ರ ಇದ್ದರೆ ಹಳೆಯ ಸೋಂಕು, ನಿಶ್ಚಿಂತೆ. ಐಜಿಎಂ ಬಂದರೆ ಪ್ರಸೂತಿ ವೈದ್ಯರಿಗೆ ಅವತ್ತೇ ಫೋನ್. ಕೂಸಿಗೆ ರಕ್ತಹೀನತೆ ಬಂದಿದೆಯೇ ಎಂದು ಅವರು 8ರಿಂದ 12 ವಾರ ರಕ್ತದ ಹರಿವಿನ ವೇಗ ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡುತ್ತಿರುತ್ತಾರೆ, ಬೇಕಾದರೆ ಗರ್ಭದಲ್ಲೇ ರಕ್ತ ಕೊಡುತ್ತಾರೆ.

ನಮ್ಮ ಸ್ಯಾಂಪಲ್ ಫಾರಂಗೆ ಎರಡು ಸಾಲು ಸೇರಿಸಿದೆ: ರೆಟಿಕ್ಯುಲೊಸೈಟ್ ಎಷ್ಟು? ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಇದೆಯೇ? ಎರಡನೆಯದಕ್ಕೆ ಹೌದು ಎಂದಿದ್ದರೆ ಐಜಿಎಂಗೆ ಕಾಯದೆ ಪಿಸಿಆರ್. ಪಿಸಿಆರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬಿ19ರ ಡಿಎನ್‌ಎ ಸ್ವಲ್ಪ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಆದ್ದರಿಂದ ಇದೆ ಎನ್ನುವುದರ ಜತೆಗೆ ಎಷ್ಟಿದೆ ಎಂದೂ ಬರೆಯುತ್ತೇನೆ.

ಆ ಕಸಿ ರೋಗಿಯ ಸೀರಂನಲ್ಲಿ ಉಳಿದ ಸ್ವಲ್ಪವನ್ನು ಹೆಸರು ತೆಗೆದು, ಸಂಖ್ಯೆ ಕೊಟ್ಟು ಇಟ್ಟಿದ್ದೇವೆ. ಪಿಸಿಆರ್ ಕಿಟ್‌ನ ಹೊಸ ಲಾಟ್ ಬಂದಾಗಲೆಲ್ಲ ಮೊದಲು ಓಡಿಸುವುದು ಅದನ್ನೇ.