ಸರ್ವರ್ ತಾನಾಗಿಯೇ ರೀಬೂಟ್ ಆದಾಗ ಲಾಗ್ ಓದಿದ ಬಗೆ

ನಾನು ನೋಡಿಕೊಳ್ಳುವ ಉಬುಂಟು ಸರ್ವರೊಂದು ರಾತ್ರಿ ಹೊತ್ತು ಆಗಾಗ ರೀಬೂಟ್ ಆಗುತ್ತಿತ್ತು. ಎಲ್ಲರ ಅನುಮಾನವೂ ಆಗಷ್ಟೇ ಹಾಕಿದ್ದ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅಪ್‌ಡೇಟ್ ಮೇಲಿತ್ತು.

ಮೊದಲು ‘ಲಾಸ್ಟ್’ ಕಮಾಂಡನ್ನು ಮೈನಸ್ ಎಕ್ಸ್ ಆಯ್ಕೆಯೊಂದಿಗೆ ಓಡಿಸಿದೆ. ಅದು ಲಾಗಿನ್, ಬೂಟ್, ಶಟ್‌ಡೌನ್‌ಗಳನ್ನು ದಾಖಲಿಸುವ ಡಬ್ಲ್ಯೂಟಿಎಂಪಿ ಕಡತದ ನಮೂದುಗಳನ್ನು ಹೊಸದು ಮೇಲೆ ಬರುವಂತೆ ತೋರಿಸುವುದರಿಂದ, ನಡೆದ ಕ್ರಮ ತಿಳಿಯಲು ಕೆಳಗಿನಿಂದ ಮೇಲಕ್ಕೆ ಓದಬೇಕು. ಕ್ರಮವಾಗಿ ನಿಂತ ಯಂತ್ರದಲ್ಲಿ ಎರಡು ರೀಬೂಟ್ ಸಾಲುಗಳ ನಡುವೆ ಒಂದು ಶಟ್‌ಡೌನ್ ಸಾಲು ಇರುತ್ತದೆ. ಇಲ್ಲಿ ಅದು ಇರಲಿಲ್ಲ; ಆಗ ಲಾಗಿನ್ ಆಗಿದ್ದವರ ಸಾಲುಗಳು ‘ಕ್ರ್ಯಾಶ್’ ಎಂದು ಕೊನೆಗೊಂಡಿದ್ದವು. ಕರ್ನಲ್ ಕುಸಿಯಿತೆಂದು ಇದರ ಅರ್ಥವಲ್ಲ. ಲಾಗ್‌ಔಟ್ ದಾಖಲಾಗುವ ಮೊದಲೇ ಮುಂದಿನ ಬೂಟ್ ಎದುರಾಯಿತೆಂಬುದಷ್ಟೇ ಇದರಿಂದ ತಿಳಿಯುತ್ತದೆ.

ಬಳಿಕ, ವ್ಯವಸ್ಥೆಯ ಲಾಗ್ ಆದ ಜರ್ನಲನ್ನು ಓದುವ ಜರ್ನಲ್‌ಸಿಟಿಎಲ್ ಕಮಾಂಡ್ ಮೂಲಕ ಹಿಂದಿನ ಬೂಟ್‌ನ ಕೊನೆಯ ಸಾಲುಗಳಿಗೆ ಹೋದೆ. ಯಾರಾದರೂ ಆದೇಶ ಕೊಟ್ಟಿದ್ದರೆ, ಪವರ್ ಬಟನ್ ಒತ್ತಿದ್ದರೆ ಅಥವಾ ಅಪ್‌ಡೇಟ್ ತಾನೇ ರೀಬೂಟ್ ಮಾಡಿಸಿದ್ದರೆ, ಅಲ್ಲಿ ಸೇವೆಗಳು ಒಂದೊಂದಾಗಿ ನಿಂತು, ಶಟ್‌ಡೌನ್ ಟಾರ್ಗೆಟ್ ತಲುಪಿ, ಜರ್ನಲ್ ನಿಂತಿತೆಂಬ ಸಾಲಿನವರೆಗೂ ಕುರುಹು ಸಿಗುತ್ತದೆ. ನಮಗೆ ಸಿಕ್ಕಿದ್ದು, ನಿಗದಿತ ಸಮಯಕ್ಕೆ ಕೆಲಸಗಳನ್ನು ಓಡಿಸುವ ಕ್ರಾನ್‌ನ ಒಂದು ಮಾಮೂಲಿ ಸಾಲು. ಅದರಾಚೆ ಏನೂ ಇರಲಿಲ್ಲ. ಮುಂದಿನ ಬೂಟ್‌ನ ಆರಂಭದಲ್ಲಿ, ಹಳೆಯ ಜರ್ನಲ್ ಕಡತ ಸರಿಯಾಗಿ ಮುಚ್ಚಿಲ್ಲವೆಂಬ ದೂರೂ ಇಎಕ್ಸ್‌ಟಿ4 ಕಡತವ್ಯವಸ್ಥೆಯನ್ನು ಸರಿಪಡಿಸಿಕೊಂಡ ಸಾಲೂ ಇದ್ದವು.

ಇಂಥ ಮೌನಕ್ಕೆ ಕರೆಂಟ್ ಹೋದದ್ದೂ ಕಾರಣವಾಗಬಹುದು, ಕರ್ನಲ್ ಪ್ಯಾನಿಕ್ (ಕರ್ನಲ್ ತಾನೇ ಕುಸಿದು ನಿಲ್ಲುವುದು) ಕೂಡ ಕಾರಣವಾಗಬಹುದು. ಪ್ಯಾನಿಕ್ ಸಂದೇಶ ಎಷ್ಟೋ ಬಾರಿ ಡಿಸ್ಕ್ ತಲುಪುವುದೇ ಇಲ್ಲ. ಆದ್ದರಿಂದ ಜರ್ನಲ್‌ನ ಹೊರಗೆ ಹುಡುಕಬೇಕಾಯಿತು. ಪ್ಯಾನಿಕ್ ಆದಾಗ ಕರ್ನಲ್‌ನ ಕೊನೆಯ ಸಂದೇಶಗಳನ್ನು ರೀಬೂಟ್ ನಂತರಕ್ಕೂ ಉಳಿಸಿಡುವ ಪಿಸ್ಟೋರ್ ಖಾಲಿಯಾಗಿತ್ತು. ಹಾರ್ಡ್‌ವೇರ್ ಮೇಲೆ ನಿಗಾ ಇಡಲು ಬಳಸುವ ಐಪಿಎಂಐ ಟೂಲ್‌ನಿಂದ ಓದಿದ ಮದರ್‌ಬೋರ್ಡಿನ ಘಟನಾ ಪಟ್ಟಿಯಲ್ಲಿ ಮಾತ್ರ, ಪವರ್ ಸಪ್ಲೈಗೆ ಬರುವ ವಿದ್ಯುತ್ ತಪ್ಪಿದ ನಮೂದು ಸ್ಪಷ್ಟವಾಗಿತ್ತು. ಅದರ ಸಮಯ ಕ್ರಾನ್ ಸಾಲಿಗಿಂತ ಸ್ವಲ್ಪ ನಂತರದ್ದಾಗಿತ್ತು. ಇದರಲ್ಲಿ ವಿರೋಧವೇನಿಲ್ಲ: ಅಷ್ಟೇನೂ ಗಂಭೀರವಲ್ಲದ ಸಂದೇಶಗಳನ್ನು ಡಿಸ್ಕ್‌ಗೆ ಖಚಿತವಾಗಿ ಬರೆಯಲು, ಜರ್ನಲ್ ಬರೆಯುವ ಸೇವೆಯಾದ ಜರ್ನಲ್‌ಡಿ ಸಹಜವಾಗಿ ಐದು ನಿಮಿಷಗಳವರೆಗೂ ಕಾಯುತ್ತದೆ, ಹೀಗಾಗಿ ಉಳಿದ ಕೊನೆಯ ಸಾಲನ್ನೇ ಯಂತ್ರ ನಿಂತ ಕ್ಷಣವೆಂದು ಹಿಡಿಯಬಾರದು.

ಅದೇ ಯುಪಿಎಸ್‌ಗೆ ಜೋಡಿಸಿದ್ದ ಇನ್ನೊಂದು ಸರ್ವರಿನಲ್ಲೂ ಅದೇ ರಾತ್ರಿ, ಅದೇ ಹೊತ್ತಿಗೆ ಶಟ್‌ಡೌನ್ ಇಲ್ಲದ ರೀಬೂಟ್ ದಾಖಲಾಗಿತ್ತು. ಕರ್ನಲನ್ನು ಹಿಂದಿನ ಆವೃತ್ತಿಗೆ ಇಳಿಸುವ ಯೋಜನೆಯನ್ನು ಕೈಬಿಟ್ಟು, ಈ ದಾಖಲೆಗಳನ್ನು ಜೊತೆಗಿಟ್ಟು ಯುಪಿಎಸ್ ಬ್ಯಾಟರಿಗಳ ಪರೀಕ್ಷೆಗೆ ಬರೆದು ಕಳುಹಿಸಿದೆ.