ಗಿನಿಪಿಗ್‌ಗೆ ಹುಷಾರಿಲ್ಲ ಅಂತ ಗೊತ್ತಾಗುವುದು ಹೇಗೆ?

ಗಿನಿಪಿಗ್ ತನ್ನ ನೋವನ್ನು ತೋರಿಸಿಕೊಳ್ಳುವುದಿಲ್ಲ. ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜೀವ ಅದು, ಸೊರಗಿದ ಹಾಗೆ ಕಂಡರೆ ಮೊದಲು ಹದ್ದಿನ ಪಾಲಾಗುವುದು ತಾನೇ ಅಂತ ಅದರ ಮೈಗೆ ಗೊತ್ತಿದೆ. ಮಂಕಾಗಿ, ರೋಮ ಕೆದರಿಕೊಂಡು ಮೂಲೆಯಲ್ಲಿ ಕೂತದ್ದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ. ಹಾಗಾಗಿ ಅದರ ಮುಖ ನೋಡಿ ಕಂಡುಹಿಡಿಯುವ ಆಸೆ ಬಿಡಿ, ಒಂದು ತಕ್ಕಡಿ ಇಟ್ಟುಕೊಳ್ಳಿ.

ಮೊದಲ ಕೆಲಸ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅದರ ಮೇಲೆ ಒಂದು ಡಬ್ಬಿ ಇಟ್ಟು, ಸೊನ್ನೆಗೆ ತಂದು, ಆಮೇಲೆ ಗಿನಿಪಿಗ್ ಕೂರಿಸಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ. ಬರೆದಿಡಿ, ನೆನಪಿರುತ್ತದೆ ಅನ್ನಬೇಡಿ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ ತೂಗುತ್ತದೆ, ಆದರೆ ನಿಮಗೆ ಮುಖ್ಯ ನಿಮ್ಮದರ ಹೋದ ವಾರದ ತೂಕ. 20–30 ಗ್ರಾಂ ಆಚೀಚೆ ಆಗುತ್ತಲೇ ಇರುತ್ತದೆ, ಹೊಟ್ಟೆ ತುಂಬಿದ್ದರೆ ಜಾಸ್ತಿ, ಖಾಲಿ ಇದ್ದರೆ ಕಡಿಮೆ. 50 ಗ್ರಾಂ ಇಳಿದರೆ ದಿನಾ ತೂಕ ಹಾಕಿ. ಒಂದು ಕಿಲೋ ಇದ್ದದ್ದು 900ಕ್ಕೆ ಬಂತು ಅಂದರೆ ಇನ್ನು ಯೋಚನೆ ಮಾಡುವುದು ಏನೂ ಇಲ್ಲ, ಪಶುವೈದ್ಯರ ಹತ್ತಿರ ಹೊರಡಿ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಒಂದೇ ಗೂಡಿನಲ್ಲಿ ಎರಡಿದ್ದವು, ಬಟ್ಟಲು ದಿನಾ ಖಾಲಿ ಆಗುತ್ತಿತ್ತು, ಎರಡೂ ಚೆನ್ನಾಗಿ ತಿನ್ನುತ್ತಿವೆ ಅಂತ ಆರಾಮಾಗಿದ್ದೆ. ಒಂದು ದಿನ ಸುಮ್ನೆ ತೂಕ ಹಾಕಿದರೆ 980 ಇದ್ದದ್ದು 860, ಇನ್ನೊಂದು ಗುಂಡಗಾಗಿದೆ! ಪಕ್ಕದಲ್ಲೇ ಕೂತು ನೋಡಿದೆ. ಕ್ಯಾರೆಟ್ ಹಾಕಿದ ಕೂಡಲೇ ಇದೂ ಓಡಿ ಬರುತ್ತದೆ, ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಎರಡು ಸಲ ದವಡೆ ಆಡಿಸುತ್ತದೆ, ಆಮೇಲೆ ತುಂಡು ಹಾಗೇ ಕೆಳಗೆ ಬೀಳುತ್ತದೆ, ಪಕ್ಕದ್ದು ಎತ್ತಿಕೊಂಡು ಹೋಗುತ್ತದೆ. ಗದ್ದದ ಕೆಳಗೆ ಬೆರಳಿಟ್ಟರೆ ಜೊಲ್ಲಿನಿಂದ ಒದ್ದೆ. ಹಸಿವಿದೆ, ತಿನ್ನಲು ಆಗುತ್ತಿಲ್ಲ. ಗಿನಿಪಿಗ್‌ನ ಹಲ್ಲು ಜೀವ ಇರುವವರೆಗೂ ಬೆಳೆಯುತ್ತಲೇ ಇರುತ್ತದೆ, ಒಣಹುಲ್ಲು ಜಗಿದು ಜಗಿದು ಸವೆಯಬೇಕು. ಸವೆಯದಿದ್ದರೆ ಕೆಳದವಡೆಯ ಹಲ್ಲುಗಳು ಒಳಕ್ಕೆ ಬಾಗಿ ನಾಲಿಗೆಯನ್ನೇ ಅದುಮಿ ಹಿಡಿಯುತ್ತವೆ. ಮುಂದಿನ ಹಲ್ಲು ನೋಡಿ ಸರಿ ಇದೆ ಅನ್ನುವಂತಿಲ್ಲ, ಹಿಂದಿನದನ್ನು ವೈದ್ಯರೇ ನೋಡಬೇಕು.

ಹಾಗಾಗಿ ಎರಡನೆಯ ಕೆಲಸ, ದಿನಕ್ಕೆ ಐದು ನಿಮಿಷ ಅದು ತಿನ್ನುವುದನ್ನು ನೋಡುತ್ತಾ ಕೂರುವುದು. ಬಟ್ಟಲನ್ನಲ್ಲ, ಬಾಯನ್ನು ನೋಡಿ. ಫ್ರಿಜ್ ಬಾಗಿಲಿನ ಸದ್ದಿಗೇ ಕೀಚ್ ಕೀಚ್ ಅಂತ ಮನೆ ಎಬ್ಬಿಸುತ್ತಿದ್ದದ್ದು ಇವತ್ತು ಸುಮ್ಮನಿದೆ ಅಂದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇದರ ಕರುಳು ಸದಾ ಓಡುತ್ತಲೇ ಇರಬೇಕು. 12 ಗಂಟೆ ಏನೂ ತಿನ್ನದಿದ್ದರೆ ತುರ್ತು ಅಂತಲೇ ತಿಳಿಯಿರಿ. ಹೊಟ್ಟೆ ಮುಟ್ಟಿದರೆ ತಮಟೆಯ ಹಾಗೆ ಬಿಗಿಯಾಗಿದ್ದರೆ ಒಳಗೆ ಗಾಳಿ ತುಂಬಿದೆ, ಆಗ ಬೆಳಗಾಗಲಿ ಅಂತಲೂ ಕಾಯುವ ಹಾಗಿಲ್ಲ.

ಗೂಡು ಗುಡಿಸುವಾಗ ಹಿಕ್ಕೆ ನೋಡಿ. ಚೆನ್ನಾಗಿದ್ದರೆ ಎಲ್ಲ ಒಂದೇ ಅಳತೆ, ಉದ್ದುದ್ದ, ಕಂದು, ಗಟ್ಟಿ. ಸಣ್ಣದಾಗಿ ಒಣಗಿ, ಒಂದು ತುದಿ ಚೂಪಾಗಿದ್ದರೆ ತಿನ್ನುವುದು ಕಡಿಮೆಯಾಗಿದೆ ಅಂತ ಅರ್ಥ. ನೀರಾಗಿ ಹೋಗುತ್ತಿದ್ದರೆ ಅದೇ ದಿನ ವೈದ್ಯರು. ಕೆಲವು ಹಿಕ್ಕೆಯನ್ನು ಅದು ಬಗ್ಗಿ ತಾನೇ ತಿನ್ನುತ್ತದೆ, ನೋಡಲು ಅಸಹ್ಯ, ಆದರೆ ಅದರ ಜೀರ್ಣಕ್ರಿಯೆಯೇ ಹಾಗೆ. ಮೂತ್ರ ಒಣಗಿದ ಜಾಗದಲ್ಲಿ ಬಿಳಿ ಪುಡಿ ಕಂಡರೆ ಅದು ಕ್ಯಾಲ್ಸಿಯಂ, ಸ್ವಲ್ಪ ಇದ್ದರೆ ಪರವಾಗಿಲ್ಲ. ಬೆರಳಿಗೆ ಮರಳಿನ ಹಾಗೆ ಸಿಕ್ಕರೆ, ಮೂತ್ರ ಮಾಡುವಾಗ ಕಿರುಚಿದರೆ, ರಕ್ತ ಕಂಡರೆ ಮೂತ್ರಕೋಶದಲ್ಲಿ ಕಲ್ಲು ಇರಬಹುದು.

ಕೊನೆಗೆ ತೊಡೆಯ ಮೇಲೆ ಕೂರಿಸಿಕೊಂಡು ಮೈ ಸವರಿ. ಕಣ್ಣಿನಿಂದ ಹಾಲಿನಂಥ ಹನಿ ಬಂದು ಅದರಲ್ಲೇ ಮುಖ ತೊಳೆದುಕೊಂಡರೆ ಗಾಬರಿ ಬೇಡ, ಕಿವಿಯ ಹಿಂದೆ ರೋಮ ಇಲ್ಲದ ಜಾಗವೂ ಹುಟ್ಟಿನಿಂದ ಬಂದದ್ದೇ. ಆದರೆ ಪಿಸುರು ಕಟ್ಟಿ ಕಣ್ಣು ಅಂಟಿಕೊಂಡರೆ, ಮೂಗು ಸೋರಿದರೆ, ಉಸಿರಾಟದಲ್ಲಿ ಕಟಕಟ ಸದ್ದು ಕೇಳಿದರೆ ತಡಮಾಡಬೇಡಿ, ನ್ಯುಮೋನಿಯಾ ಬೇಗ ಏರುತ್ತದೆ. ಗಾಯ ಆಗುವಷ್ಟು ಕೆರೆದುಕೊಳ್ಳುತ್ತಿದ್ದರೆ ಚರ್ಮದಲ್ಲಿ ನುಸಿ ಇರಬಹುದು, ಆ ತುರಿಕೆ ಎಷ್ಟು ಕೆಟ್ಟದ್ದು ಅಂದರೆ ಕೆಲವಕ್ಕೆ ಫಿಟ್ಸ್ ಬಂದ ಹಾಗೆ ಆಗುತ್ತದೆ. ಕುಂಟುವುದು, ಎತ್ತಿದರೆ ನೋವಿಗೆ ಕೂಗುವುದು, ರೋಮ ಒರಟಾಗುವುದು, ಇವು ವಿಟಮಿನ್ ಸಿ ಕೊರತೆಯ ಗುರುತೂ ಆಗಬಹುದು. ನಮ್ಮ ಹಾಗೇ ಇದರ ಮೈಯೂ ಆ ವಿಟಮಿನ್ ತಯಾರಿಸುವುದಿಲ್ಲ, ಊಟದಿಂದಲೇ ಸಿಗಬೇಕು ಅಲ್ವಾ? ದಿನಾ ಒಂದು ತುಂಡು ದಪ್ಪ ಮೆಣಸಿನಕಾಯಿ ಕೊಡಿ. ಕುಡಿಯುವ ನೀರಿಗೆ ವಿಟಮಿನ್ ಹನಿ ಬೆರೆಸುವುದು ನನ್ನ ಪ್ರಕಾರ ದಂಡ, ನೀರಲ್ಲಿ ಅದು ಬೇಗ ಸತ್ವ ಕಳೆದುಕೊಳ್ಳುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕೊಡಲೇಬೇಡಿ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಥರದ ಔಷಧಿ ಹೊಟ್ಟೆಗೆ ಹೋದರೆ ಇದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಹೆಚ್ಚಿ, ಪ್ರಾಣಿಯೇ ಸತ್ತುಹೋಗಬಹುದು. ನಾಯಿ, ಬೆಕ್ಕನ್ನಷ್ಟೇ ನೋಡುವ ವೈದ್ಯರಾದರೆ ಈ ವಿಷಯ ನೀವೇ ಕೇಳಿ, ಸಂಕೋಚ ಬೇಡ. ಹೋಗುವಾಗ ತೂಕ ಬರೆದ ಪುಸ್ತಕ ಮತ್ತು ಅವತ್ತಿನ ನಾಲ್ಕು ಹಿಕ್ಕೆ ತೆಗೆದುಕೊಂಡು ಹೋಗಿ. ಜೊತೆಯದನ್ನೂ ಅದೇ ಡಬ್ಬಿಯಲ್ಲಿ ಕೂರಿಸಿಕೊಳ್ಳಿ, ಒಂಟಿಯಾದರೆ ಹೆದರಿ ಇದ್ದಬದ್ದ ಊಟವನ್ನೂ ಬಿಟ್ಟುಬಿಡುತ್ತದೆ.