ಮನೆಯ ಬಲ್ಬ್ ಯಾವ ಬಗೆಯದು? ನಾನು ಗುರುತಿಸಿದ್ದು ಹೀಗೆ

ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಬಲ್ಬ್ ಕೇಳಿದರೆ ಮೂರು ಪ್ರಶ್ನೆ ಬರುತ್ತವೆ. ಪಿನ್ನಾ, ಥ್ರೆಡ್ಡಾ? ಎಷ್ಟು ವ್ಯಾಟು? ವೈಟಾ, ವಾರ್ಮಾ? ಹಾಸನದ ಅಮ್ಮನ ಮನೆಯ ಮಟ್ಟಿಗೆ ಈ ಮೂರಕ್ಕೂ ಸರಿಯಾಗಿ ಉತ್ತರ ಹೇಳುವವರು ಯಾರೂ ಇರಲಿಲ್ಲ. ಆ ಮನೆ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಮುಂಭಾಗ ಹಳೆಯದು, ಹಿಂದಿನ ಕೋಣೆಗಳು ಆಮೇಲೆ ಸೇರಿದವು, ಹಾಲ್‌ನ ಫಾಲ್ಸ್ ಸೀಲಿಂಗ್ ಈಚಿನದು. ಬಲ್ಬ್‌ಗಳೂ ಹಾಗೆಯೇ ಒಂದೊಂದು ಕಾಲದವು. ಇನ್ನೊಂದು ಕಾರಣವೂ ಇತ್ತು. ಗೃಹಜ್ಯೋತಿಯಲ್ಲಿ ಅಮ್ಮನ ಮನೆಗೆ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮಿತಿ ಹಾಕಿದ್ದಾರೆ. ಅದನ್ನು ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. ಅಮ್ಮನ ಬಿಲ್ ಪದೇ ಪದೇ ಆ ಗೆರೆಯ ಹತ್ತಿರವೇ ನಿಲ್ಲುತ್ತಿತ್ತು. ಯಾವ ದೀಪ ಎಷ್ಟು ತಿನ್ನುತ್ತಿದೆ ಅಂತ ಒಮ್ಮೆ ನೋಡಿಯೇ ಬಿಡೋಣ ಎಂದುಕೊಂಡೆ.

ಬಲ್ಬ್ ಬಿಚ್ಚುವ ಮೊದಲು ಸ್ವಿಚ್ ಮಾತ್ರ ಅಲ್ಲ, ಮೇನ್ ಬೋರ್ಡ್‌ನ ಎಂಸಿಬಿಯನ್ನೂ (ಆ ಲೈನಿನ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಹಳೆಯ ವೈರಿಂಗ್‌ನಲ್ಲಿ ಸ್ವಿಚ್ಚನ್ನು ಕರೆಂಟ್ ಬರುವ ಫೇಸ್ ವೈರಿಗೆ ಬದಲು ನ್ಯೂಟ್ರಲ್‌ಗೆ ಕೊಟ್ಟಿರುವ ಮನೆಗಳಿವೆ. ಅಂಥ ಕಡೆ ಸ್ವಿಚ್ ಆಫ್ ಇದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಬಲ್ಬ್ ಪೂರ್ತಿ ಆರಲಿ, ಕೈ ಒದ್ದೆ ಇರಬಾರದು, ಹತ್ತಲು ಒಣಗಿದ ಮರದ ಸ್ಟೂಲ್ ಇರಲಿ.

ಬುಡದಿಂದ ಶುರು ಮಾಡಿದೆ. ನಮ್ಮ ಕಡೆ ಜಾಸ್ತಿ ಕಾಣುವುದು ಪಿನ್ ಟೈಪ್. ಅದರ ಬುಡದ ಅಗಲ 22 ಮಿಲಿಮೀಟರ್, ಹೆಸರು ಬಿ22. ಒತ್ತಿ ತಿರುಗಿಸಿದರೆ ಬರುತ್ತದೆ. ಥ್ರೆಡ್ ಇರುವ ದಪ್ಪನೆಯದು ಇ27, ಸಣ್ಣದು ಇ14. ಇಲ್ಲೂ ಅಂಕಿ ಎಂದರೆ ಅಗಲವೇ. ಹಾಲ್‌ನ ತೂಗುದೀಪದಲ್ಲಿದ್ದದ್ದು ಇ14. ಪೋರ್ಟಿಕೋದ ಗೋಳದಲ್ಲಿ ಇ27. ಮಿಕ್ಕ ಕಡೆ ಪಿನ್.

ಆಮೇಲೆ ಬರಹ. ಎಲ್‌ಇಡಿಯಲ್ಲಿ ಪ್ಲಾಸ್ಟಿಕ್ ಮೈಮೇಲೆ, ಹಳೆಯ ತಂತಿ ಬಲ್ಬ್‌ನಲ್ಲಿ ಗಾಜಿನ ನೆತ್ತಿಯ ಮೇಲೆ, ಪುಟ್ಟ ಟ್ಯೂಬನ್ನು ಮಡಚಿದಂತಿರುವ ಸಿಎಫ್‌ಎಲ್‌ನಲ್ಲಿ ಬಿಳಿ ಬುಡದ ಮೇಲೆ, ಟ್ಯೂಬ್‌ನಲ್ಲಿ ತುದಿಯ ಹತ್ತಿರ ಇರುತ್ತದೆ. ಕಣ್ಣಿಗೆ ಕಾಣದಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ವ್ಯಾಟ್ ಜೊತೆಗೆ ಲ್ಯೂಮೆನ್ (ಬೆಳಕಿನ ಪ್ರಮಾಣ) ಮತ್ತು ಕೆ (ಕೆಲ್ವಿನ್, ಬೆಳಕಿನ ಬಣ್ಣ) ಎಂಬ ಅಂಕಿಯನ್ನೂ ಬರೆದುಕೊಳ್ಳಿ. 2700ಕೆ ಅಥವಾ 3000ಕೆ ಇದ್ದರೆ ಹಳದಿ ಬೆಳಕು, 6500ಕೆ ಇದ್ದರೆ ಬಿಳಿ. ಅಡುಗೆಮನೆಯಲ್ಲಿದ್ದದ್ದು 2015ರ ಕೊನೆಗೆ ಶುರುವಾದ ‘ಹೊಸ ಬೆಳಕು’ ಯೋಜನೆಯಲ್ಲಿ ಅಪ್ಪ ಕರೆಂಟ್ ಬಿಲ್ ತೋರಿಸಿ ತಂದಿದ್ದ 9 ವ್ಯಾಟ್ ಎಲ್‌ಇಡಿ. ಅಕ್ಷರ ಇನ್ನೂ ಸ್ಪಷ್ಟವಾಗಿತ್ತು, ಬಲ್ಬೂ ಚೆನ್ನಾಗಿ ಉರಿಯುತ್ತಿತ್ತು.

ಟ್ಯೂಬ್‌ಗಳಿಗೆ ದಪ್ಪವೇ ಗುರುತು. ಟಿ12 ಅಂದರೆ 38 ಮಿಲಿಮೀಟರ್, ಟಿ8 ಅಂದರೆ 26, ಟಿ5 ಅಂದರೆ 16. ಟಿ ಪಕ್ಕದ ಅಂಕಿ ಇಂಚಿನ ಎಂಟನೇ ಒಂದು ಭಾಗದ ಲೆಕ್ಕ. ಹಿಂದಿನ ಕೋಣೆಯಲ್ಲಿದ್ದದ್ದು ದಪ್ಪನೆಯ 40 ವ್ಯಾಟ್ ಟ್ಯೂಬ್, ಗುಂಯ್ ಎನ್ನುವ ತಾಮ್ರದ ಚೋಕ್, ಪಕ್ಕದಲ್ಲಿ ಸ್ಟಾರ್ಟರ್. ಈ ಚೋಕ್ ತಾನೇ ಹತ್ತು ವ್ಯಾಟ್‌ಗೂ ಮೇಲೆ ಎಳೆಯುತ್ತದೆ. ಟ್ಯೂಬ್ ಕೂರಿಸುವ ಪಟ್ಟಿ ಬಿಚ್ಚದೆಯೂ ಚೋಕ್ ಯಾವುದೆಂದು ತಿಳಿಯಬಹುದು. ಆ ಬೆಳಕಿನಲ್ಲಿ ಪೆನ್ನನ್ನು ಬೇಗ ಬೇಗ ಅಲ್ಲಾಡಿಸಿ. ಬಿಡಿ ಬಿಡಿಯಾಗಿ ಹಲವು ಪೆನ್ನು ಕಂಡರೆ ತಾಮ್ರದ ಚೋಕ್. ಒಂದೇ ಮಸುಕು ಪಟ್ಟೆ ಕಂಡರೆ ಎಲೆಕ್ಟ್ರಾನಿಕ್.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಹಳೆಯ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹಾಕುವಾಗ ಎಷ್ಟೋ ಸಲ ಚೋಕ್ ಕಿತ್ತು ನೇರ ವೈರ್ ಕೊಟ್ಟಿರುತ್ತಾರೆ. ಅದೂ ಕೆಲವು ಟ್ಯೂಬ್‌ಗೆ ಒಂದೇ ತುದಿಯಲ್ಲಿ, ಕೆಲವಕ್ಕೆ ಎರಡೂ ತುದಿಯಲ್ಲಿ. ಮುಂದೆ ಯಾರಾದರೂ ಗೊತ್ತಿಲ್ಲದೆ ಬೇರೆ ಟ್ಯೂಬ್ ಸಿಕ್ಕಿಸಿದರೆ ಶಾರ್ಟ್ ಆಗಬಹುದು. ಅಂಥ ಪಟ್ಟಿ ಮೇಲೆ ಮಾರ್ಕರ್‌ನಲ್ಲಿ ‘ಎಲ್‌ಇಡಿ ಮಾತ್ರ, ಚೋಕ್ ಇಲ್ಲ’ ಎಂದು ಬರೆದಿದ್ದೇನೆ. ಒಳಗಿನ ವೈರ್ ಬದಲಿಸುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೇ ಬಿಡಿ.

ನಿಜವಾಗಿ ತಲೆ ಕೆಡಿಸಿದ್ದು ಪೋರ್ಟಿಕೋದ ಬಲ್ಬ್. ಹಾಲಿನಂಥ ಬಿಳಿ ಗುಂಡು, ಬುಡ ಕಂದಿ ಅಕ್ಷರ ಅಳಿಸಿಹೋಗಿದೆ. ನೋಡಲು ಎಲ್‌ಇಡಿಯಂತೆಯೇ ಇದೆ. ಇಂಥ ಕಡೆ ಮೀಟರ್ ಬಳಿ ಹೋಗಬೇಕು. ಎಲೆಕ್ಟ್ರಾನಿಕ್ ಮೀಟರ್ ಮೇಲೆ 3200 ಇಂಪ್/ಕೆಡಬ್ಲ್ಯೂಎಚ್ ಅಂತಲೋ 1600 ಅಂತಲೋ ಬರೆದಿರುತ್ತದೆ. ಅಂದರೆ ಒಂದು ಯೂನಿಟ್‌ಗೆ ಅದರ ಕೆಂಪು ದೀಪ ಅಷ್ಟು ಸಲ ಮಿನುಗುತ್ತದೆ. ಫ್ರಿಜ್, ಟಿವಿ, ವೈಫೈ, ಯುಪಿಎಸ್ ಎಲ್ಲವನ್ನೂ ಆಫ್ ಮಾಡಿ ಒಂದೇ ಬಲ್ಬ್ ಉರಿಸಿ. ಒಂದು ಮಿನುಗಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಎಂದು ಮೊಬೈಲ್ ಸ್ಟಾಪ್‌ವಾಚ್‌ನಲ್ಲಿ ನೋಡಿ. ಮೀಟರ್ 3200ರದ್ದಾದರೆ 1125ನ್ನು ಆ ಸೆಕೆಂಡ್‌ನಿಂದ ಭಾಗಿಸಿ, 1600 ಆದರೆ 2250ನ್ನು. ಬಂದದ್ದೇ ವ್ಯಾಟ್. 3200ರ ಮೀಟರ್‌ನಲ್ಲಿ 9 ವ್ಯಾಟ್ ಬಲ್ಬ್‌ಗೆ ಎರಡು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಕಾಯಬೇಕು. 60 ವ್ಯಾಟ್‌ನದು 19 ಸೆಕೆಂಡ್‌ಗೇ ಮಿನುಗುತ್ತದೆ. ಯುಪಿಎಸ್ ಲೈನಿನ ಬಲ್ಬನ್ನು ಮಾತ್ರ ಬಿಚ್ಚಿ ಬೇರೆ ಹೋಲ್ಡರ್‌ಗೆ ಹಾಕಿ ನೋಡಿ, ಇಲ್ಲದಿದ್ದರೆ ಬ್ಯಾಟರಿ ಚಾರ್ಜಿಂಗ್ ಲೆಕ್ಕ ಕೆಡಿಸುತ್ತದೆ.

ಪೋರ್ಟಿಕೋ ಬಲ್ಬ್‌ಗೆ ಸುಮಾರು 75 ಸೆಕೆಂಡ್ ಹಿಡಿಯಿತು. ಅಲ್ಲಿಗೆ 15 ವ್ಯಾಟ್. ಆದರೆ 15 ವ್ಯಾಟ್‌ನಲ್ಲಿ ಎಲ್‌ಇಡಿಯೂ ಬರುತ್ತದೆ, ಸಿಎಫ್‌ಎಲ್ಲೂ ಬರುತ್ತದೆ ಅಲ್ವಾ? ಅದನ್ನು ಬಿಡಿಸಿದ್ದು ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಸಿಡಿ. ರಾತ್ರಿ ಬೇರೆ ದೀಪ ಆರಿಸಿ, ಸಿಡಿಯ ಹೊಳೆಯುವ ಮೈಯಲ್ಲಿ ಬಲ್ಬ್‌ನ ಪ್ರತಿಬಿಂಬ ಹಿಡಿದು ನಿಧಾನಕ್ಕೆ ವಾಲಿಸಿದರೆ ಬಣ್ಣಗಳು ಬಿಚ್ಚಿಕೊಳ್ಳುತ್ತವೆ. ತಂತಿ ಬಲ್ಬ್ ಆದರೆ ಕೆಂಪಿನಿಂದ ನೇರಳೆವರೆಗೆ ಎಲ್ಲೂ ತುಂಡಾಗದ ಕಾಮನಬಿಲ್ಲು. ಎಲ್‌ಇಡಿ ಆದರೂ ಬಣ್ಣ ಹರಡಿಕೊಂಡೇ ಇರುತ್ತದೆ, ನೀಲಿ ಮತ್ತು ಹಸಿರಿನ ನಡುವೆ ಮಾತ್ರ ಸ್ವಲ್ಪ ಕತ್ತಲು. ಸಿಎಫ್‌ಎಲ್ ಅಥವಾ ಟ್ಯೂಬ್ ಆದರೆ ಹಸಿರು ಬೇರೆ, ಕಿತ್ತಳೆ ಕೆಂಪು ಬೇರೆ, ನೀಲಿ ಬೇರೆ, ನಡುನಡುವೆ ಕಪ್ಪು. ನಮ್ಮ ಗುಂಡು ಬಲ್ಬ್ ಚೂರು ಚೂರಾಗಿ ಕಂಡಿತು. ಬಿಳಿ ಹೊದಿಕೆಯ ಸಿಎಫ್‌ಎಲ್! ಹಾಕಿದ ಕೂಡಲೇ ಮಂಕಾಗಿದ್ದು ಆಮೇಲೆ ಬೆಳಕೇರುತ್ತಿದ್ದುದೂ ಅದಕ್ಕೇ.

ಬಿಲ್ ಲೆಕ್ಕದಲ್ಲಿ ನನಗೆ ಅಚ್ಚರಿ ತಂದದ್ದು ದೇವರ ಮನೆಯ ಝೀರೋ ಬಲ್ಬ್. ಹೆಸರು ಝೀರೋ ಆದರೂ ಹಳೆಯ ತಂತಿಯದು 12ರಿಂದ 15 ವ್ಯಾಟ್ ಎಳೆಯುತ್ತದೆ. ರಾತ್ರಿಯಿಡೀ ಹತ್ತು ಗಂಟೆ ಉರಿದರೆ ತಿಂಗಳಿಗೆ ನಾಲ್ಕು ಯೂನಿಟ್ ಹತ್ತಿರ. ಅಮ್ಮನಿಗೆ ಆ ಹಳದಿ ಬೆಳಕೇ ಬೇಕು. ಅರ್ಧ ವ್ಯಾಟಿನ ವಾರ್ಮ್ ಎಲ್‌ಇಡಿ ಹಾಕಿದೆ. ಮೊದಲ ರಾತ್ರಿ ನೋಡಿ “ಪರವಾಗಿಲ್ಲ ಕಣೋ, ಅದೇ ಥರ ಇದೆ” ಅಂದರು.

ತೆಗೆದ ಟ್ಯೂಬ್ ಮತ್ತು ಸಿಎಫ್‌ಎಲ್ ಅನ್ನು ಕಸದ ಗಾಡಿಗೆ ಸುಮ್ನೆ ಎಸೆಯಬೇಡಿ. ಒಳಗೆ ಪಾದರಸ ಇರುತ್ತದೆ. ಇ-ತ್ಯಾಜ್ಯ ನಿಯಮದಲ್ಲೂ ಇವು ಸೇರಿವೆ. ರಟ್ಟಿನಲ್ಲಿ ಸುತ್ತಿಟ್ಟು ಇ-ತ್ಯಾಜ್ಯ ಪಡೆಯುವ ಕಡೆಗೆ ಕೊಡಿ. ಕೈ ತಪ್ಪಿ ಒಡೆದರೆ ಮೊದಲು ಕಿಟಕಿ ತೆರೆದು ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ಬನ್ನಿ. ಪೊರಕೆ ಹಾಕಬೇಡಿ. ಚೂರುಗಳನ್ನು ಗಟ್ಟಿ ಕಾಗದದಲ್ಲಿ ಬಾಚಿ, ಪುಡಿಯನ್ನು ಟೇಪ್‌ಗೆ ಅಂಟಿಸಿ ತೆಗೆದು, ಮುಚ್ಚಳ ಇರುವ ಡಬ್ಬಿಗೆ ಹಾಕಿಡಿ.